ಸೈಕಲ್ ಬ್ರೇಕಿನ ಬಗ್ಗೆ ಪದ್ಮವ್ವನ ಎರಡನೆಯ ಹೇಳಿಕೆ

ನಾನು ಪದ್ಮವ್ವ ಕೋಂ ಮುದಕಪ್ಪ ಹಳ್ಳೂರ, ವಯಸ್ಸು 50 ವರ್ಷ, ಉದ್ಯೋಗ ಕುರಿ ಸಾಕಾಣಿಕೆ ಮತ್ತು ಹೊಲಮನೆ ಕೆಲಸ, ಸಾ: ಬೇವೂರು, ತಾ: ಜಿ: ಬಾಗಲಕೋಟೆ. ದಿನಾಂಕ 05-10-2025 ರಂದು ಬೆಳಿಗ್ಗೆ 10:20 ಗಂಟೆಗೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 03 ರಂದು ನಾನು ಸಹಿ ಮಾಡಿದ ಹೇಳಿಕೆಯಲ್ಲಿ, ನನ್ನ ಮಗಳ ಸೈಕಲ್ಲಿನ ಬ್ರೇಕನ್ನು ಖಾಸಿಂಸಾಬರು ಸರಿಯಾಗಿ ಕೂಡಿಸಿರಲಿಲ್ಲ ಎಂದಿದೆ. ಅದು ಖರೆ ಅಲ್ಲ.

ಖಾಸಿಂಸಾಬರಿಗೆ 61 ವರ್ಷ. ನಮ್ಮೂರ ಬಸ್ ನಿಲ್ದಾಣದ ಹತ್ತಿರ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ದಿನಾಂಕ 30-09-2025 ರಂದು ಸಂಜೆ 4 ಗಂಟೆಗೆ ನಾನು ಮತ್ತು ನನ್ನ ಮಗಳು ರಾಜಶ್ರೀ, 18 ವರ್ಷ, ಪಿಯುಸಿ ಎರಡನೇ ವರ್ಷ, ಸೈಕಲ್ ತೆಗೆದುಕೊಂಡು ಅವರ ಅಂಗಡಿಗೆ ಹೋದೆವು. ಅವರು ಎರಡೂ ಗಾಲಿಗೆ ಹೊಸ ಬ್ರೇಕ್ ರಬ್ಬರ್, ಹೊಸ ವೈರ್ ಹಾಕಿದರು. ಮಗಳನ್ನು ಅಂಗಡಿಯ ಮುಂದೆ ಮೂರು ಸುತ್ತು ಹೊಡೆಸಿದರು. ಇಳಿಜಾರದಾಗ ಒಂದ ಬ್ರೇಕ್ ನಂಬಬ್ಯಾಡ ತಂಗಿ, ಮುಂದಿಂದಷ್ಟ ಗಕ್ಕನ ಹಿಡದ್ರ ಹ್ಯಾಂಡಲ್ ದಾಟಿ ಬೀಳ್ತಿ, ಹಿಂದಿಂದು ಮೊದ್ಲು, ಮುಂದಿಂದು ಸಾವಕಾಶ, ಎರಡೂ ಕೂಡಿ ಹಿಡಿ ಅಂತ ಹೇಳಿಕೊಟ್ಟರು.

ಆಮೇಲೆ ನನ್ನ ಕಡೆ ತಿರುಗಿ, ಅಕ್ಕಾರ, ನಾಳಿ ಖಂಡಿ ಪೂಜಿ, ಹೂವು ಏರಸ್ರಿ, ಕಾಯಿ ಒಡೀರಿ, ಆದ್ರ ರಿಮ್ಮಿಗಿ ಎಣ್ಣಿ ಹಚ್ಚಬ್ಯಾಡ್ರಿ, ರಬ್ಬರ ಹಿಡಿಯೂದಿಲ್ಲ ಅಂದರು. ನಮ್ಮ ಪೂಜಿ ನಿಮಗೇನ ಗೊತ್ತರಿ ಸಾಬ್ರ ಅಂತ ನಾನು ಅಂದೆ. ಪೂಜಿ ಗೊತ್ತಿಲ್ಲರಿ, ರಬ್ಬರ ಗೊತ್ತೈತಿ ಅಂತ ಅವರು ನಕ್ಕರು. ನಾನು ನಗಲಿಲ್ಲ.

ಮರುದಿನ ದಿನಾಂಕ 01 ರಂದು ಬೆಳಿಗ್ಗೆ 11 ಗಂಟೆಗೆ ಮನೆಯಲ್ಲಿ ಖಂಡಿ ಪೂಜೆ, ಅಂದರೆ ಆಯುಧ ಪೂಜೆ ಮಾಡಿದೆ. ನನ್ನ ಗಂಡ ಕುರಿ ಹಿಂಡಿನ ಸಂಗಡ ಹೊರಗೆ ಇದ್ದ ಕಾರಣ ಎಲ್ಲವನ್ನೂ ನಾನೇ ಮಾಡಿದೆ. ಕುಡಗೋಲು, ಕೊಡಲಿ, ಉಣ್ಣೆ ಕತ್ತರಿ ತೊಳೆದು ಕುಸುಬಿ ಎಣ್ಣೆ ಹಚ್ಚಿದೆ. ಕಬ್ಬಿಣಕ್ಕೆ ಎಣ್ಣೆ ಹಚ್ಚದೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚುವ ಪದ್ಧತಿ ನಮ್ಮಲ್ಲಿ ಇಲ್ಲ. ಅದೇ ಎಣ್ಣೆ ಅರಿವೆಯಿಂದ ಸೈಕಲ್ಲಿನ ಎರಡೂ ರಿಮ್ಮು ಒರೆಸಿದೆ. ಒರೆಸುವಾಗ ಖಾಸಿಂಸಾಬರ ಮಾತು ನೆನಪಿತ್ತು. ನೆನಪಿದ್ದ ಕಾರಣಕ್ಕೇ ಇನ್ನೊಮ್ಮೆ ಒರೆಸಿದೆ.

ಪೂಜೆಗೆ ಇಟ್ಟ ಸಾಮಾನನ್ನು ನಾವು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವುದಿಲ್ಲ. ದಿನಾಂಕ 02 ರಂದು ಸಂಜೆ 5:30 ಕ್ಕೆ ರಾಜಶ್ರೀ ತನ್ನ ಸೋದರತ್ತೆಯ ಮನೆಗೆ ಬನ್ನಿ ಕೊಡಲು ಸೈಕಲ್ ಹೊರಗೆ ತೆಗೆದಳು. ಹತ್ತುವ ಮುಂಚೆ ಎರಡೂ ಬ್ರೇಕ್ ಒತ್ತಿ ನೋಡಿದಳು, ವೈರ್ ಗಟ್ಟಿ ಇತ್ತು. ನಮ್ಮ ಬಾಗಿಲಿನಿಂದ 20 ಅಡಿಗೆ ಇಳಿಜಾರು ಶುರುವಾಗಿ ಸುಮಾರು 200 ಅಡಿ ಇಳಿದು ಹಳ್ಳದ ಸಣ್ಣ ಸೇತುವೆ ಬರುತ್ತದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಅರ್ಧ ಇಳಿದ ಮೇಲೆ ಅವಳು ಎರಡೂ ಕಾಲು ನೆಲಕ್ಕೆ ಎಳೆಯುವುದು ಕಂಡಿತು. ಅವ್ವಾ ಅಂತ ಒಂದೇ ಸಲ ಕೂಗಿದಳು. ಸೈಕಲ್ ಸೇತುವೆಯ ಕಟ್ಟೆಗೆ ಬಡಿಯಿತು.

ನಾನು ಓಡಿ ಹೋದಾಗ ಬನ್ನಿ ಎಲೆ ರಸ್ತೆ ತುಂಬ ಬಿದ್ದಿತ್ತು. ಅವಳ ಬಲಗೈ ಮೂಳೆ ಎರಡು ಕಡೆ ಮುರಿದು, ಮುಂದಿನ ಒಂದು ಹಲ್ಲು ಹೋಗಿತ್ತು. ಎರಡೂ ಹಿಡದೇನವ್ವಾ, ಹಿಂದಿಂದ ಮೊದ್ಲು ಹಿಡದೇನಿ, ಸಾಬಕಾಕಾ ಹೇಳಿದಂಗ, ನಿಲ್ಲಲಿಲ್ಲ ಅಂತ ಅಂದಳು. ಅವಳ ಕಾಲ ಮೇಲೆ ಬಿದ್ದ ಸೈಕಲ್ಲನ್ನು ಗಾಲಿ ಹಿಡಿದು ಎತ್ತಿದೆ. ನನ್ನ ಅಂಗೈಗೆ ಕರಿ ಜಿಡ್ಡು ಹತ್ತಿತು. ಕಾರಣ ನನಗೆ ಅಲ್ಲೇ ತಿಳಿಯಿತು. ಯಾರೂ ನೋಡುವ ಮುಂಚೆ ಸೆರಗಿಗೆ ಒರೆಸಿಕೊಂಡೆ.

ದಿನಾಂಕ 03 ರಂದು ಬೆಳಿಗ್ಗೆ 11 ಗಂಟೆಗೆ ನನ್ನ ಮೈದುನ ನಿಂಗರಾಜ, ಮುದುಕಗ ಕಣ್ಣ ಕಾಣೂದಿಲ್ಲ, ಹುಡುಗೀನ್ನ ಕೊಲ್ತಿದ್ದ, ನೀ ಸುಮ್ನ ಸಹಿ ಹಾಕ ವೈನಿ ಅಂತ ಹೇಳಿ ದೂರು ಕೊಟ್ಟನು. ನಾನು ಹೇಳಿಕೆಗೆ ಸಹಿ ಹಾಕಿದೆ. ಅಂದೇ ಮಧ್ಯಾಹ್ನ ಖಾಸಿಂಸಾಬರನ್ನು ಠಾಣೆಗೆ ಕರೆಸಿದರು.

ದಿನಾಂಕ 04 ರಂದು ಬೆಳಿಗ್ಗೆ ಬೀರಪ್ಪನ ಗುಡಿಗೆ ಹೋದೆ. ಪೂಜಾರಿ ಭಂಡಾರ ಕೊಡಲು ಬಂದಾಗ ಕೈ ಒಡ್ಡಲು ಆಗದೆ ತಿರುಗಿ ಬಂದೆ. ಸೋಪಿನ ಪುಡಿ ಹಾಕಿ ಮೂರು ಸಲ ಕೈ ತೊಳೆದೆ. ಕೂತಲ್ಲಿ ಕೂಡಲು ಆಗಲಿಲ್ಲ. ಖಾಸಿಂಸಾಬರ ಅಂಗಡಿ ನಮ್ಮ ಮನೆಯಿಂದ 350 ಮೀಟರ್. ಎರಡು ಸಲ ಅರ್ಧ ದಾರಿಗೆ ಹೋಗಿ ವಾಪಸು ಬಂದೆ. ಮೂರನೇ ಸಲ ಮಧ್ಯಾಹ್ನ 12:40 ಕ್ಕೆ ಅಂಗಡಿ ಮುಟ್ಟಿದೆ. ಬಾಗಿಲು ಅರ್ಧ ತೆಗೆದಿತ್ತು. ಅವರು ಕೆಲಸ ಮಾಡದೆ ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡು ಕುಳಿತಿದ್ದರು. ನಾನು ಬಾಯಿ ತೆಗೆಯುವ ಮುಂಚೆ, ತಂಗಿ ಹೆಂಗದಾಳ್ರಿ ಅಂತ ಕೇಳಿದರು. ಆಮೇಲೆ, ಹಿಂದಿನ ಬ್ರೇಕಿನ ನಟ್ಟು ಬಿಗಿ ಮಾಡಿದ್ನೋ ಇಲ್ಲೋ ಅಂತ ನಿನ್ನಿಯಿಂದ ನೆನಸಾಕತ್ತೇನ್ರಿ ಅಕ್ಕಾರ, ಮಾಡಿದ್ದು ನೆನಪಾಗವಲ್ದು, ವಯಸ್ಸಾತು, ನಂದ ತಪ್ಪಿರಬೇಕು ಅಂದರು. ನನಗೆ ಅಲ್ಲಿಯೂ ಹೇಳಲು ಆಗಲಿಲ್ಲ. ಅದಕ್ಕೆ ಇವತ್ತು ಇಲ್ಲಿ ಹೇಳುತ್ತಿದ್ದೇನೆ.

ನಟ್ಟು ಬಿಗಿ ಇತ್ತು. ಸೈಕಲ್ ಠಾಣೆಯ ಹಿಂದೆ ನಿಂತಿದೆ, ಯಾರೂ ಒರೆಸುವ ಮುಂಚೆ ರಿಮ್ಮಿಗೆ ಬೆರಳು ಹಚ್ಚಿ ನೋಡಬೇಕು. ನನ್ನ ಮಗಳು ಜೋರಾಗಿ ಹೊಡೆಯಲಿಲ್ಲ, ಬ್ರೇಕ್ ಹಿಡಿಯುವುದರಲ್ಲಿಯೂ ತಪ್ಪಲಿಲ್ಲ. ಖಾಸಿಂಸಾಬರ ಹೆಸರನ್ನು ದೂರಿನಿಂದ ತೆಗೆಯಬೇಕು.

ಇದನ್ನು ಬರೆದುಕೊಳ್ಳುತ್ತಿರುವ ಪೊಲೀಸರು, ಮೊದಲಿನ ಹೇಳಿಕೆ ಓದಾಕ ಬರ್ಲಿಲ್ಲ, ಮೈದುನ ಹೇಳಿದ್ಕ ಸಹಿ ಹಾಕೀನಿ ಅಂತ ಬರಸ್ರಿ ಯವ್ವಾ, ನಿಮಗೂ ಹಗೂರ ಅಕ್ಕೈತಿ ಅಂತ ಹೇಳಿದರು. ಹಾಗೆ ಬರೆಯಬಾರದು. ನಾನು ನಮ್ಮೂರ ಸಾಲಿಯಲ್ಲಿ ಏಳನೇ ಇಯತ್ತೆ ಪಾಸಾಗಿದ್ದೇನೆ. ಮೊದಲಿನ ಹೇಳಿಕೆಯಲ್ಲಿ ಮಗಳ ವಯಸ್ಸು 17 ಅಂತ ತಪ್ಪಾಗಿ ಬಿದ್ದಿತ್ತು, ನಾನೇ ತೋರಿಸಿ 18 ಮಾಡಿಸಿದೆ. ಖಾಸಿಂಸಾಬರ ಹೆಸರು ಇದ್ದದ್ದು ಅದರ ಕೆಳಗಿನ ಸಾಲಿನಲ್ಲಿ. ಅದನ್ನೂ ಓದಿದೆ, ತಿದ್ದಿಸಲಿಲ್ಲ.

ಮೇಲೆ ಬರೆದದ್ದನ್ನು ಯಾರೂ ಓದಿ ಹೇಳಿಲ್ಲ, ನಾನೇ ಓದಿಕೊಂಡಿದ್ದೇನೆ. ನಾನು ಹೇಳಿದಂತೆಯೇ ಇದೆ, ಖರೆ ಇದೆ.

ಸ್ಥಳ: ಬಾಗಲಕೋಟೆ
ದಿನಾಂಕ: 05-10-2025
ಸಹಿ: ಪದ್ಮವ್ವ ಮು. ಹಳ್ಳೂರ