ಹಗ್ಗವನ್ನು ಯಾರೂ ದಾಟಿಲ್ಲ

ಹೆಸರು: ಎನಾಕ್ ಆರ್ಮ್‌ಬ್ರಿಸ್ಟರ್, ತಂದೆ ದಿವಂಗತ ಜೋಬ್ ಆರ್ಮ್‌ಬ್ರಿಸ್ಟರ್. ವಯಸ್ಸು: 69 ವರ್ಷ. ಓದು: ಐದನೆಯ ತರಗತಿ. ಕೆಲಸ: ವಿಮಾನ ಪಟ್ಟಿಯ ಕಾವಲು. ವಾಸ: ಬ್ಲ್ಯಾಕ್ ವೆಲ್ ಊರು, ಸೇಂಟ್ ಆಸ್ಟಲ್ ದ್ವೀಪ, ಬಹಾಮಾಸ್.

ಈ ಮೂಲಕ ತಿಳಿಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ಹುಟ್ಟಿದಂದಿನಿಂದ ವಾಸವಾಗಿದ್ದು, ಹದಿನೇಳು ವರ್ಷಗಳಿಂದ ನಮ್ಮ ದ್ವೀಪದ ವಿಮಾನ ಪಟ್ಟಿಯಲ್ಲಿ ಹುಲ್ಲು ಕತ್ತರಿಸುವುದು, ಮೇಕೆ ಓಡಿಸುವುದು, ವಿಮಾನ ಇಳಿಯುವಾಗ ಬೆಂಕಿ ಆರಿಸುವ ಡಬ್ಬ ಹಿಡಿದು ನಿಲ್ಲುವುದು ಈ ಕೆಲಸ ಮಾಡಿಕೊಂಡಿರುತ್ತೇನೆ. ಹೊರದೇಶದಿಂದ ಬರುವ ಖಾಸಗಿ ವಿಮಾನಗಳು ಮುಂಚೆಯೇ ತಿಳಿಸಿದ್ದರೆ ನಮ್ಮಲ್ಲೇ ಇಳಿದು ಕಸ್ಟಮ್ಸ್ ಮುಗಿಸಬಹುದು. ಅಧಿಕಾರಿ ಒಬ್ಬರೇ, ಶ್ರೀಮತಿ ವರ್ಡೆಲ್ ಮಾಕ್ಸಿ. ಅವರು ಬಂದು ಮುದ್ರೆ ಒತ್ತುವವರೆಗೆ ಬಂದವರು ವಿಮಾನದ ಬಳಿಯೇ ಇರಬೇಕು, ಸಾಮಾನೂ ಇರಬೇಕು. ‘ಬಳಿ’ ಎಂದರೆ ಎಷ್ಟು ದೂರ ಎಂದು ನನಗೆ ಯಾರೂ ಹೇಳಿಲ್ಲ. ಆದ್ದರಿಂದ ಬೆಂಡು ಕಟ್ಟಿದ ಹಳೆಯ ಬಲೆಯ ಹಗ್ಗವನ್ನು ನಾನು ವಿಮಾನದ ಸುತ್ತ ಹಾಸುತ್ತೇನೆ, ರೆಕ್ಕೆಯ ತುದಿಯಿಂದ ಹನ್ನೆರಡು ಹೆಜ್ಜೆ. ಹದಿನೇಳು ವರ್ಷದಲ್ಲಿ ಒಂದು ನಾಯಿಯನ್ನು ಬಿಟ್ಟರೆ ಮುದ್ರೆಗೆ ಮುಂಚೆ ಯಾರೂ ಅದನ್ನು ದಾಟಿ ಹೊರಗೆ ಬಂದಿಲ್ಲ.

ದಿನಾಂಕ 14-06-2014ರ ಶನಿವಾರ ನಮ್ಮ ದ್ವೀಪದ ಹಾಯಿದೋಣಿ ಪಂದ್ಯ. ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಫ್ಲೋರಿಡಾದಿಂದ ಒಂದು ವಿಮಾನ ಬರುವುದಿತ್ತು. ಅದರಲ್ಲಿ ನಮ್ಮ ದವಾಖಾನೆಗೆ ಹೊಸ ನರ್ಸ್ ಬರುವುದಿತ್ತು. ದವಾಖಾನೆಗೆ ಬೀಗ ಬಿದ್ದು ಹದಿನಾಲ್ಕು ತಿಂಗಳಾಗಿದೆ. ಜ್ವರ ಬಂದರೂ, ಹೆರಿಗೆಯಾದರೂ ಮೂವತ್ತೊಂದು ಮೈಲಿ ಸಮುದ್ರ ದಾಟಬೇಕು. ಗಾಳಿ ಸರಿಯಿದ್ದರೆ ಎರಡೂವರೆ ಗಂಟೆ.

ವಿಮಾನ 1 ಗಂಟೆ 25 ನಿಮಿಷಕ್ಕೇ ಬಂದಿಳಿಯಿತು. ಆರು ಸೀಟಿನದು, ಕೆಂಪು ಪಟ್ಟೆಯದು. ನಡೆಸಿಕೊಂಡು ಬಂದವರು ಗಾರ್ಡನ್ ಪ್ರೂಯಿಟ್, ಸುಮಾರು ಅರವತ್ತು ವರ್ಷದವರು, ಕೂಲಿಯಿಲ್ಲದೆ ಇಂಥ ಸವಾರಿ ಮಾಡುವವರು. ಯಾಕೆ ಇಷ್ಟು ಬೇಗ ಎಂದು ಗದರಿದಾಗ ಹಿಂದಿನಿಂದ ಗಾಳಿ ತಳ್ಳಿತು ಎಂದು ಹೇಳಿದರು. ಗಾಳಿ ತಳ್ಳಿದರೆ ಆಕಾಶದಲ್ಲೇ ಎರಡು ಸುತ್ತು ಹಾಕಿ ಬರಬೇಕಿತ್ತು ಎಂದು ನಾನು ಹೇಳಿದೆನು. ಅವರ ಹಿಂದೆ ನರ್ಸ್ ಇಮೋಜೀನ್ ಕ್ಯಾಂಬಲ್ ಇಳಿದರು. ಜಮೈಕಾದವರು, ಮೂವತ್ತಾರು ವರ್ಷ. ಕೂಡಲೇ ಹಗ್ಗ ಹಾಸಿದೆನು.

ನಂತರ ವೈರ್‌ಲೆಸ್‌ನಲ್ಲಿ ಶ್ರೀಮತಿ ಮಾಕ್ಸಿಯವರನ್ನು ಕರೆದೆನು. ಅವರು ‘ಸ್ವೀಟ್ ಲೊರೆಟಾ’ ಎಂಬ ದೋಣಿಯ ಹಲಗೆಯ ಮೇಲಿದ್ದರು. ಗಾಳಿಗೆ ದೋಣಿ ಮಗುಚದಂತೆ ಒಂದು ಬದಿಗೆ ಹಲಗೆ ಚಾಚಿ ಅದರ ತುದಿಗೆ ತೂಕದವರನ್ನು ಕೂರಿಸುತ್ತೇವೆ. ಶ್ರೀಮತಿ ಮಾಕ್ಸಿಯವರಷ್ಟು ತೂಕದವರು ನಮ್ಮ ದ್ವೀಪದಲ್ಲಿ ಇನ್ನೊಬ್ಬರಿಲ್ಲ. ಇದನ್ನು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

“ಅಂಕಲ್, ಮೂರು ಗಂಟೆಗೆ ಅಂದಿದ್ರಲ್ಲ!” ಎಂದು ಅವರು ಕೂಗಿದರು.

“ಬಂದ್ಬಿಟ್ಟವ್ರೆ. ವಾಪಸ್ ಕಳಿಸ್ಲಾ?” ಎಂದೆನು.

“ನಾನೀಗ ಇಳಿದ್ರೆ ದೋಣಿ ಮಗುಚ್ಕೊಳುತ್ತೆ! ಕೂರಿಸ್ಕೊಂಡಿರಿ. ಹಗ್ಗ ದಾಟೋಕೆ ಬಿಡ್ಬೇಡಿ!” ಎಂದರು. ಆಮೇಲೆ ನೀರಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ನಾನು ಇಬ್ಬರಿಗೂ ವಿಷಯ ತಿಳಿಸಿದೆನು. ಪ್ರೂಯಿಟ್ ಅವರು ರೆಕ್ಕೆಯ ಮೇಲೆ ಕಸ್ಟಮ್ಸ್ ಕಾಗದ ಇಟ್ಟುಕೊಂಡು ಮೂರು ಪ್ರತಿ ತುಂಬಿದರು. ಇನ್ನೂ ಬಹಳ ಹೊತ್ತು ಕಾಯಬೇಕಿದ್ದುದರಿಂದ 1 ಗಂಟೆ 45 ನಿಮಿಷಕ್ಕೆ ನನ್ನ ಊಟದ ತಟ್ಟೆಯನ್ನು, ಬಟಾಣಿ ಅನ್ನ ಮತ್ತು ಹುರಿದ ಮೀನು, ಹಗ್ಗದ ಮೇಲಿನಿಂದ ನರ್ಸ್ ಕೈಗೆ ಕೊಟ್ಟೆನು. ಅವರು ತಿಂದು ತಟ್ಟೆ ವಾಪಸ್ ಕೊಡಲು ಬಂದರು.

“ಅಲ್ಲೇ ಇಡಮ್ಮ. ಒಳಕ್ಕೆ ಹೋದದ್ದು ಹೊರಕ್ಕೆ ಬರೋಹಾಗಿಲ್ಲ,” ಎಂದೆನು.

“ಇದು ನಿಮ್ಮ ಮನೆ ತಟ್ಟೆ ಅಲ್ವಾ ಅಂಕಲ್?”

“ಈಗ ಅಲ್ಲ,” ಎಂದೆನು. ಅದಕ್ಕೆ ಅವರು ನಕ್ಕರು. ನಾನು ನಗಲಿಲ್ಲ.

2 ಗಂಟೆ 10 ನಿಮಿಷಕ್ಕೆ ಪಟ್ಟಿಯ ಪಕ್ಕದ ದಂಡೆಗೆ, ಅಂದರೆ ಹಗ್ಗದಿಂದ ಸುಮಾರು 340 ಅಡಿ ದೂರಕ್ಕೆ, ಒಂದು ಸಣ್ಣ ದೋಣಿ ಬಂತು. ಅದರಲ್ಲಿ ಫಿಲೆಮನ್ ಡೆವೋ, 41 ವರ್ಷ, ಬಿದ್ದುಕೊಂಡಿದ್ದನು. ಪಂದ್ಯದಲ್ಲಿ ಹಾಯಿಯ ಅಡ್ಡಮರ ತಿರುಗಿ ತಲೆಗೆ ಬಡಿದಿತ್ತು. ನರ್ಸ್ ಬರುವ ವಿಮಾನ ಇಳಿದದ್ದನ್ನು ಕಂಡಿದ್ದ ಅವನ ಜೊತೆಯವರಿಬ್ಬರು ಅವನನ್ನು ಹೊತ್ತುಕೊಂಡು ಹಗ್ಗದವರೆಗೆ ಓಡಿಬಂದರು. ಬಲಗಿವಿಯ ಮೇಲೆ ಚರ್ಮ ತೆರೆದು ಒಳಗಿನ ಬಿಳುಪು ಕಾಣುತ್ತಿತ್ತು. ಅವನ ಬಿಳಿ ಅಂಗಿಯಲ್ಲಿ ಬಿಳಿ ಉಳಿದಿರಲಿಲ್ಲ.

ನರ್ಸ್ ಹಗ್ಗದ ತನಕ ಬಂದು ನಿಂತರು. ಕಾಲು ಎತ್ತಿದ್ದರು. ನಾನು ದಾಟಬೇಡ ಎಂದು ಜೋರಾಗಿ ಕೂಗಿದೆನು.

“ಅಂಕಲ್, ಆ ಮನುಷ್ಯನ ರಕ್ತ ನೋಡಿ!” ಎಂದು ಅವರೂ ಕೂಗಿದರು.

“ಕಾಣ್ತಾ ಐತೆ, ಕಣ್ಣು ಹೋಗಿಲ್ಲ ನಂಗೆ! ನೀನು ದಾಟಿದ್ರೆ ನಿನ್ನ ವಾಪಸ್ ಕಳಿಸ್ತಾರೆ. ಇವತ್ತು ಇವನೊಬ್ಬ ಉಳೀತಾನೆ. ನಾಳೆ ನಮಗ್ಯಾರು?” ಎಂದೆನು.

ಆಗ ನನಗೆ ತೋಚಿದ್ದು ಇಷ್ಟೇ. ಹೊರಗೆ ಬರಬಾರದೆಂದು ಇದೆ. ಒಳಗೆ ಹೋಗಬಾರದೆಂದು ನನಗೆ ಯಾರೂ ಹೇಳಿಲ್ಲ. ನಾನು ಫಿಲೆಮನ್‌ನ ಕಂಕುಳಿಗೆ ಕೈ ಹಾಕಿ ಅವನನ್ನು ಹಗ್ಗದೊಳಕ್ಕೆ ಎಳೆದುಕೊಂಡೆನು. ಜೊತೆಯವರಿಬ್ಬರನ್ನೂ ಹೊರಗೆ ನಿಲ್ಲಿಸಿದೆನು. ಆಗ ಸಮಯ 2 ಗಂಟೆ 14 ನಿಮಿಷ.

ಒಳಗೆ ನೆಲ ಕಾದು ಕೈ ಇಡಲು ಆಗುತ್ತಿರಲಿಲ್ಲ. ರೆಕ್ಕೆಯ ಕೆಳಗೆ ನರ್ಸ್ ನೆಟ್ಟಗೆ ನಿಲ್ಲಲು ಎತ್ತರ ಸಾಲದು. ಮಲಗಿಸಲು ಒಂದು ಹಲಗೆ, ನೆರಳು, ನಿಲ್ಲಲು ಜಾಗ ಬೇಕು ಎಂದರು. ಪೂರ್ವಕ್ಕೆ ಬಾದಾಮಿ ಮರದ ಕೆಳಗೆ ನಾನು ಕೂರುವ ಬೆಂಚು ಇದೆ. ಅದು ಹಗ್ಗದಿಂದ 22 ಅಡಿ ಹೊರಗಿತ್ತು. ನಾನು ಒಳಗಿನಿಂದಲೇ ಹಗ್ಗ ಹಿಡಿದು ಮರದವರೆಗೆ ಎಳೆದು, ಬೆಂಚು, ಮರ ಎರಡನ್ನೂ ಸುತ್ತುವರಿಸಿದೆನು. ಪಶ್ಚಿಮದಲ್ಲಿ ಹಗ್ಗ ರೆಕ್ಕೆಗೆ ಆರು ಅಡಿ ಹತ್ತಿರ ಬಂತು. ಹಗ್ಗ ಸರಿದ ಮೇಲೆಯೇ ನರ್ಸ್ ನಡೆದದ್ದು. ಈ ಮಾತನ್ನು ದಯವಿಟ್ಟು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಬೇಕು.

ನರ್ಸ್ ತಮ್ಮ ಪೆಟ್ಟಿಗೆ ತೆರೆದು, ಮರಗಟ್ಟಿಸುವ ಸೂಜಿ ಒಂದು ಕೊಟ್ಟು, ಏಳು ಹೊಲಿಗೆ ಹಾಕಿದರು. ಫಿಲೆಮನ್‌ಗೆ ಎಚ್ಚರವಿತ್ತು. ಯಾರು ಗೆದ್ದರು ಎಂದು ಮೂರು ಸಲ ಕೇಳಿದನು. ಬಾಯಿ ಮುಚ್ಚಿಕೊಂಡು ಬಿದ್ದಿರು ಎಂದು ನಾನು ಮೂರು ಸಲವೂ ಹೇಳಿದೆನು. ಬಳಸಿದ ಹತ್ತಿ, ಸೂಜಿ, ಖಾಲಿ ಸೀಸೆ ಎಲ್ಲವನ್ನೂ ನನ್ನ ತಟ್ಟೆಯಲ್ಲೇ ಇಡಿಸಿದೆನು. ಪ್ರೂಯಿಟ್ ಅವರಿಗೆ ಹೇಳಿ ಕಾಗದದ ಮೂರು ಪ್ರತಿಯಲ್ಲೂ ಸಾಮಾನಿನ ಪಟ್ಟಿಯ ಕೆಳಗೆ ‘ದಾರ, ಒಂದೂವರೆ ಅಡಿ, ಫಿಲೆಮನ್ ಡೆವೋ ತಲೆಯಲ್ಲಿದೆ’ ಎಂದು ಬರೆಸಿದೆನು.

2 ಗಂಟೆ 35 ನಿಮಿಷಕ್ಕೆ ವಸತಿಗೃಹದ ಕ್ಲೆವನ್ ಸ್ಟಾರ್ ತನ್ನ ಟ್ಯಾಕ್ಸಿಯಲ್ಲಿ ಬಂದನು. ಪ್ರೂಯಿಟ್ ಅವರನ್ನು ತನ್ನಲ್ಲಿಗೆ ಕರೆದೊಯ್ಯಬೇಕಿತ್ತು. ಹಗ್ಗದ ಬಳಿ ಕಾರು ತರುವಂತಿಲ್ಲ ಎಂದು ನಾನು ಬೆಂಚಿನ ಪಕ್ಕ ಇಟ್ಟಿದ್ದ ಪೊರಕೆ ಎತ್ತಿ ತೋರಿಸಿದ್ದು ನಿಜ. ಅವನಿಗೆ ಸಿಟ್ಟು ಬಂದದ್ದೂ ನಿಜ. ಅವನು ಅರವತ್ತು ಗಜ ದೂರದ ರಸ್ತೆಯಿಂದ, ಮರದ ಕೆಳಗೆ ನರ್ಸ್ ನಿಂತಿರುವುದನ್ನು ಕಂಡು, ಮುದ್ರೆಗೆ ಮುಂಚೆಯೇ ಹಗ್ಗ ದಾಟಿದ್ದಾರೆ ಎಂದು ಠಾಣೆಗೆ ಫೋನ್ ಮಾಡಿದನು. ಅವನು ಸುಳ್ಳು ಹೇಳಿದ್ದಾನೆ ಎಂದು ನಾನು ಹೇಳುವುದಿಲ್ಲ. ಮರ ಎಲ್ಲಿದೆ ಎಂದು ಅವನಿಗೆ ಗೊತ್ತು. ಹಗ್ಗ ಎಲ್ಲಿದೆ ಎಂದು ನೋಡಲಿಲ್ಲ.

3 ಗಂಟೆ 5 ನಿಮಿಷಕ್ಕೆ ಶ್ರೀಮತಿ ಮಾಕ್ಸಿಯವರು ಅಡಿಯಿಂದ ಮುಡಿಯವರೆಗೆ ಒದ್ದೆಯಾಗಿ ಬಂದರು. ಅವರ ದೋಣಿ ಎರಡನೆಯದಾಗಿತ್ತು. ಹಗ್ಗ ಸರಿಸಿದ್ದನ್ನು ನಾನೇ ಮೊದಲು ಹೇಳಿದೆನು. ಅವರು ಹೊಲಿಗೆ ಎಣಿಸಿದರು. ತಟ್ಟೆಯನ್ನು ನೋಡಿದರು. ನಂತರ ಹಗ್ಗದೊಳಗಿದ್ದ ಎಲ್ಲರನ್ನೂ ನಿಯಮದಂತೆ ಕೇಳಲೇಬೇಕು ಎಂದರು.

“ಫಿಲೆಮನ್, ಎಲ್ಲಿಂದ ಬಂದೆ?”

“ದೋಣಿಯಿಂದ ಬಿದ್ದೆ ಅಕ್ಕಾ.”

“ಎಷ್ಟು ದಿನ ಇರ್ತೀಯ ಇಲ್ಲಿ?”

“ಈ ಮುದುಕ ಇನ್ನೊಂದ್ಸಲ ಎಳೆದಾಡದೇ ಇದ್ರೆ ಬಹಳ ದಿನ ಇರ್ತೀನಿ.”

ನರ್ಸ್‌ಗೂ ಅದನ್ನೇ ಕೇಳಿದರು. ಸದ್ಯಕ್ಕೆ ಎರಡು ವರ್ಷ ಎಂದು ನರ್ಸ್ ಹೇಳಿದರು. 3 ಗಂಟೆ 20 ನಿಮಿಷಕ್ಕೆ ಮುದ್ರೆ ಬಿತ್ತು. ಆ ಬಳಿಕವೇ ನಾನು ಹಗ್ಗ ಸುತ್ತಿದೆನು. ಅಲ್ಲಿಯವರೆಗೆ ಮನುಷ್ಯರಾಗಲಿ, ಔಷಧಿಯಾಗಲಿ, ಫಿಲೆಮನ್‌ನ ತಲೆಯಲ್ಲಿದ್ದ ದಾರವಾಗಲಿ ಹಗ್ಗದ ಹೊರಗೆ ಹೋಗಿರುವುದಿಲ್ಲ.

ಭಾನುವಾರ ಠಾಣೆಯ ಸಾಹೇಬರಾದ ತಾವು ಬಂದು ಕ್ಲೆವನ್‌ನ ದೂರಿನ ಮೇರೆಗೆ ನರ್ಸ್ ಅವರ ಪಾಸ್‌ಪೋರ್ಟ್ ತೆಗೆದುಕೊಂಡಿದ್ದು, ವಿಚಾರಣೆ ಮುಗಿಯುವವರೆಗೆ ದವಾಖಾನೆ ತೆರೆಯಬಾರದು ಎಂದು ಹೇಳಿರುತ್ತೀರಿ. ಪ್ರೂಯಿಟ್ ಅವರ ವಿಮಾನ ದಿನಾಂಕ 20ರ ಶುಕ್ರವಾರ ಹೊರಡುತ್ತದೆ. ಅಷ್ಟರೊಳಗೆ ತೀರ್ಮಾನವಾಗದಿದ್ದರೆ ನರ್ಸ್ ಅದರಲ್ಲೇ ವಾಪಸ್ ಹೋಗಬೇಕು ಎಂದಿರುತ್ತೀರಿ. ಹಗ್ಗ ನನ್ನದು, ಎಳೆದ ಕೈ ನನ್ನದು. ಎಳೆದದ್ದು ತಪ್ಪಾದರೆ ಆ ತಪ್ಪು ಎನಾಕ್ ಆರ್ಮ್‌ಬ್ರಿಸ್ಟರ್‌ನದು ಎಂದು ಬರೆದುಕೊಳ್ಳಿ. ನನ್ನನ್ನು ಎಲ್ಲಿಗಾದರೂ ಕಳಿಸಿ. ಆಕೆಯನ್ನು ಕಳಿಸಬೇಡಿ. ಫಿಲೆಮನ್‌ನ ಹೊಲಿಗೆ ಬಿಚ್ಚಬೇಕಾದದ್ದು ಶನಿವಾರ.

ನಿನ್ನೆ ಬೆಳಿಗ್ಗೆ ಏಳು ಗಂಟೆಗೆ ಬೀಗ ಹಾಕಿದ ದವಾಖಾನೆಯ ಮುಂದೆ ಇಪ್ಪತ್ಮೂರು ಜನ ಕುರ್ಚಿ ತಂದು ಕೂತಿದ್ದರು. ಇಂದು ಮೂವತ್ತೊಂದು. ಯಾರೂ ಕರೆದಿಲ್ಲ. ನರ್ಸ್ ಯಾರನ್ನೂ ಮುಟ್ಟದೆ, ಮೆಟ್ಟಿಲ ಮೇಲೆ ಕೂತು ಬರೀ ಹೆಸರು ಮತ್ತು ನೋವು ಬರೆದುಕೊಳ್ಳುತ್ತಿದ್ದಾರೆ. ಇಂದಿನ ಸಾಲಿನಲ್ಲಿ ಮೂರನೆಯವರು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಕಾನ್ಸ್‌ಟೇಬಲ್‌ರವರ ತಾಯಿ, ಕಾಲು ಬಾತಿದೆ. ಇದನ್ನು ಬರೆಯುವುದು ಬೇಡ ಎಂದು ಕಾನ್ಸ್‌ಟೇಬಲ್ ಹೇಳಿದರು. ನಡೆದದ್ದನ್ನೆಲ್ಲ ಬಿಡದೆ ಹೇಳು ಎಂದವರು ನೀವೇ, ಬರೆಯಿರಿ ಎಂದು ಅವರಿಗೆ ಹೇಳಿದೆನು. ಅವರು ಬರೆದುಕೊಂಡರು. ಆಮೇಲೆ ಎದ್ದು ಹೋಗಿ ಸಾಹೇಬರ ಮೇಜಿನಿಂದ ನರ್ಸ್ ಅವರ ಪಾಸ್‌ಪೋರ್ಟ್ ತಂದು ಈ ಕಾಗದದ ಪಕ್ಕದಲ್ಲಿಟ್ಟು, ಸಾಹೇಬರು ಐದು ಗಂಟೆಗೆ ಬರುತ್ತಾರೆ, ಎರಡನ್ನೂ ಒಟ್ಟಿಗೇ ಮುಂದಿಡುತ್ತೇನೆ ಎಂದರು. ನಾನು ಐದರವರೆಗೆ ಇಲ್ಲೇ ಕೂತಿರುತ್ತೇನೆ.

ಈ ಹೇಳಿಕೆಯನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದ್ದು, ಎರಡು ಕಡೆ ತಿದ್ದಿಸಿರುತ್ತೇನೆ. ಉಳಿದದ್ದೆಲ್ಲ ನನ್ನ ಬಾಯಿಂದ ಬಂದಂತೆಯೇ ಇದ್ದು, ಕಣ್ಣಾರೆ ಕಂಡ ಸತ್ಯವಾಗಿರುತ್ತದೆ.

ಸ್ಥಳ: ಪೊಲೀಸ್ ಠಾಣೆ, ಬ್ಲ್ಯಾಕ್ ವೆಲ್
ದಿನಾಂಕ: 17-06-2014, ಮಂಗಳವಾರ, ಸಂಜೆ 4 ಗಂಟೆ 10 ನಿಮಿಷ
ಸಹಿ: ಎನಾಕ್ ಆರ್ಮ್‌ಬ್ರಿಸ್ಟರ್