ನನ್ನ ಹೆಸರಿನಲ್ಲಿ ಮೊದಲೇ ಇದ್ದ ತೆರಿಗೆ ಸಂಖ್ಯೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ನಲವತ್ತೆರಡು, ಕನ್ನಡಕ ರಿಪೇರಿ ಕೆಲಸ, ಬಸ್ ಡಿಪೋ ಹಿಂದಿನ ಬೀದಿಯ ಮಹಡಿ ಮನೆಯಲ್ಲಿ ಬಾಡಿಗೆಗೆ ವಾಸ, ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಇಷ್ಟು ವರ್ಷ ಬೇರೆಯವರ ಕನ್ನಡಕದ ಅಂಗಡಿಯಲ್ಲಿ ದುಡಿದಿರುತ್ತೇನೆ. ಕಳೆದ ತಿಂಗಳು ಕಣ್ಣಿನ ಕ್ಲಿನಿಕ್ಕಿನ ಪಕ್ಕದಲ್ಲಿ ಸ್ವಂತಕ್ಕೆ ಒಂದು ಸಣ್ಣ ಮಳಿಗೆ ಹಿಡಿದೆ. ತೆರಿಗೆ ಸಂಖ್ಯೆ ಇಲ್ಲದೆ ಗಾಜು ಕಳಿಸುವುದಿಲ್ಲವೆಂದು ಸಗಟು ವ್ಯಾಪಾರಿ ಹೇಳಿದ್ದರಿಂದ ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತೆರಿಗೆ ಕಚೇರಿಗೆ ಹೋದೆ. ಅಲ್ಲಿನ ಮಹಿಳಾ ಗುಮಾಸ್ತರು ಕಂಪ್ಯೂಟರ್ ನೋಡಿ, ನನ್ನ ಹೆಸರಿನಲ್ಲಿ ಈಗಾಗಲೇ ಸಂಖ್ಯೆ ಇದೆ, ಮೂರು ವರ್ಷದಿಂದ ಹಳೇ ಕಬ್ಬಿಣದ ವ್ಯಾಪಾರ ನಡೆಯುತ್ತಿದೆ, ಒಂದು ಸಲವೂ ತೆರಿಗೆ ಕಟ್ಟಿಲ್ಲ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಫೋಟೊ ನನ್ನದೇ.

ಮಧ್ಯಾಹ್ನ ಅಲ್ಲಿದ್ದ ವಿಳಾಸಕ್ಕೆ ಹೋದೆ. ರೈಲ್ವೆ ಗೇಟಿನ ಆಚೆ ತಗಡಿನ ಗೋದಾಮು. ತಕ್ಕಡಿಯ ಹತ್ತಿರ ನನ್ನ ಅಣ್ಣ ಕೂತಿದ್ದ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ಇವನೇ. ನನ್ನನ್ನು ಕಂಡು ಎದ್ದು, ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸಿ, ಟೀ ತರಿಸಿದ. ನಾನು ಕುಡಿಯಲಿಲ್ಲ.

ಕೇಳಿದ್ದಕ್ಕೆ ಅವನು ಏನನ್ನೂ ಮುಚ್ಚಿಡಲಿಲ್ಲ. ಮೂರು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಅಲ್ಲಿ ಕೇಳುತ್ತಿದ್ದಾರೆಂದು ನನ್ನಿಂದ ಗುರುತಿನ ಚೀಟಿ, ಫೋಟೊ, ಸಹಿ ಪಡೆದಿದ್ದ. ಅವನ್ನೇ ಬಳಸಿದೆ ಎಂದ. "ನನ್ನ ಹೆಸರು ಕೆಟ್ಟು ಕೆರ ಹಿಡಿದಿತ್ತು ಕಣೇ, ಬ್ಯಾಂಕ್‌ನೋರು ಬಾಗ್ಲೊಳಗೂ ಬಿಡ್ತಿರ್ಲಿಲ್ಲ" ಎಂಬುದು ಅವನ ಮಾತು. ಹಾಗಾದರೆ ನನ್ನ ಅಂಗಡಿಯನ್ನು ಯಾರ ಹೆಸರಿನಲ್ಲಿ ತೆಗೆಯಲಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ನನ್ನ ಹೆಸರಲ್ಲಿ ತೆಗಿ" ಎಂದ. ತಮಾಷೆಗೆ ಹೇಳಿದ್ದಲ್ಲ.

ಮಾರನೇ ದಿನ ಮತ್ತೆ ಕಚೇರಿಗೆ ಹೋದಾಗ, ಪೊಲೀಸ್ ದೂರು ಇಲ್ಲದೆ ಹಳೇ ಸಂಖ್ಯೆ ರದ್ದಾಗುವುದಿಲ್ಲ, ಬಾಕಿಯೆಲ್ಲ ನನ್ನ ತಲೆಗೇ ಬರುತ್ತದೆ ಎಂದು ಗುಮಾಸ್ತರು ತಿಳಿಸಿದರು. ಆಮೇಲೆ ಕೆಲವು ದಿನ ನಾನು ಮನೆಯಿಂದ ಹೊರಗೆ ಹೋಗಲಿಲ್ಲ. ಅಣ್ಣ ಎರಡು ಸಲ ಬಂದು, ಮನೆ ಮಾತು ಬೀದಿಗೆ ಹಾಕಬೇಡ ಎಂದು ಹೊಸ್ತಿಲಾಚೆಯೇ ನಿಂತು ಹೇಳಿದ. ಎರಡನೇ ಸಲ ಅತ್ತ. ಒಳಗೆ ಬಾ ಎಂದು ನಾನು ಕರೆಯಲಿಲ್ಲ.

ಅಮ್ಮ ಅಣ್ಣನ ಮನೆಯಲ್ಲಿ ಇರುತ್ತಾಳೆ. ಬೇರೆಯವರ ಬಾಯಿಂದ ಅವಳಿಗೆ ತಿಳಿಯುವುದು ಬೇಡವೆಂದು ಈ ದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ನಾನೇ ಹೇಳಿದೆ. ಒಗೆದ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸದೆ, "ನಂಗೊತ್ತು. ನಿನ್ನ ಹತ್ರ ಸಹಿ ಹಾಕಿಸ್ಕೋ ಅಂತ ಅವನಿಗೆ ಹೇಳಿದ್ದೇ ನಾನು. ನೀನು ಏನೂ ಅನ್ನಲ್ಲ ಅಂದ್ಕೊಂಡೆ" ಎಂದಳು. ನಾನು ಎದ್ದು ನೇರವಾಗಿ ಇಲ್ಲಿಗೆ ಬಂದೆ.

ಅಣ್ಣನ ಮೇಲೆ ಕ್ರಮ ತೆಗೆದುಕೊಂಡು ನನ್ನ ಹೆಸರನ್ನು ಬಿಡಿಸಿಕೊಡಬೇಕೆಂದು ಕೋರುತ್ತೇನೆ. ಅಮ್ಮನ ಮಾತನ್ನೂ ಸೇರಿಸಬೇಕೇ ಎಂದು ಬರೆದುಕೊಳ್ಳುತ್ತಿದ್ದ ಸಾಹೇಬರು ಪೆನ್ನು ಎತ್ತಿ ಹಿಡಿದು ಕೇಳಿದರು. ಅವಳ ಮೇಲೆ ನನ್ನ ದೂರು ಇರುವುದಿಲ್ಲ. ಆದರೆ ಅದನ್ನು ಬಿಟ್ಟು ಬರೆಸಿದರೆ ಇದು ನಿಜವಾದ ಹೇಳಿಕೆ ಆಗುವುದಿಲ್ಲ. ಸೇರಿಸಿ ಎಂದೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ತಿದ್ದುವುದೇನೂ ಇಲ್ಲ.

ಸ್ಥಳ: ಠಾಣೆ
ದಿನಾಂಕ: ಹದಿನೇಳು, ಸೋಮವಾರ
ಸಹಿ: (ದೂರುದಾರಳದ್ದು)