ಶೀಗಿ ಹುಣ್ಣಿಮೆಯ ಬುತ್ತಿ

ಶಿಗ್ಗಾಂವಿಯಲ್ಲಿ ದುಂಡಸಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಖಾಸಗಿ ಶಾಲೆಯ ಟೀಚರೊಬ್ಬರು ನಿಂತಿದ್ದರು. ಬೆಂಚಿನ ಮೇಲೆ ಒಬ್ಬ ಹೆಂಗಸು, ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಟೀಚರೇ ಮಾತು ತೆಗೆದರು.

“ಅಂಕಿತಾನ ಅವ್ವಾರ ಹೌದಲ್ರಿ? ಇವತ್ತ ಸಾಲಿ ಕಡೆ ಬಂದಿದ್ರಂತ?”

“ಹೌದ್ರಿ ಟೀಚರ್. ಶೀಗಿ ಹುಣ್ಣಿಮಿಗೆ ಪಾಲಕರು ಬುತ್ತಿ ತರ್ರಿ ಅಂತ ವಾಟ್ಸಾಪ್ ಗ್ರೂಪಿನಾಗ ಹಾಕಿದ್ರಲ್ಲ. ಎಳ್ಳ ಹೋಳಿಗಿ ಮಾಡಿದ್ನಿ.”

“ಅಂಕಿತಾ ಈಗ ಹಾನಗಲ್ಲ ಸಾಲಿಗೆ ಹೋಗಾಕತ್ತಾಳಲ್ರಿ, ಅವರಪ್ಪನ ಕಡೆ ಇದ್ದು.”

“ಗೊತ್ತೈತ್ರಿ. ಗೇಟಿನ ತನಕ ಬಂದು, ಹುಡುಗೂರು ಕುಂತು ಉಣ್ಣೂದು ನೋಡಿ ಹೊಳ್ಳಿ ಬಂದ್ನಿ.”

“ತಪ್ಪು ನಂದೇರಿ. ಗ್ರೂಪಿನಾಗಿಂದ ನಿಮ್ಮ ನಂಬರ್ ತಗಿಯೂದು ಮರ್ತಿದ್ನಿ. ಈಗ ತಗೀತೇನಿ.”

“ಬ್ಯಾಡ್ರೀ! ದಿನಾ ಸಂಜಿಕೆ ‘ಆತ್ಮೀಯ ಪಾಲಕರೇ’ ಅಂತ ಬರ್ತೈತಿ. ನನಗ ಬ್ಯಾರೆ ಯಾರು ಬರೀತಾರ್ರಿ?”

ಟೀಚರು ತೆಗೆದ ಫೋನನ್ನು ಹಾಗೇ ಚೀಲಕ್ಕಿಳಿಸಿದರು. ಅಷ್ಟರಲ್ಲಿ ಬಸ್ಸು ಬಂತು. ಆ ಹೆಂಗಸು ಎದ್ದು ಡಬ್ಬಿಯನ್ನು ಟೀಚರ ಕೈಗಿಟ್ಟರು.

“ನೀವರ ತಿನ್ರಿ.”

ಟೀಚರು ಮೆಟ್ಟಿಲು ಹತ್ತಿ ಹಿಂದೆ ತಿರುಗಿ ಕೇಳಿದರು.

“ಡಬ್ಬಿ ಹೆಂಗ ಮುಟ್ಟಸ್ಲಿ ಅಕ್ಕಾರ?”

“ಗ್ರೂಪಿನಾಗ ಹಾಕ್ರಿ. ನಾ ಬಂದು ಒಯ್ತೇನಿ.”